ಚಕ್ರವಿಲ್ಲದ ಗಾಡಿಗೆ ನಿಂಬೆಹಣ್ಣು

"ಸಾರ್, ಇದು ಗಾಡೀನೋ ಮಿಷಿನ್ನೋ? ನಿಂಬೆಹಣ್ಣು ಎಲ್ಲಿ ಇಡ್ಲಿ?"

ತೊಂಬತ್ತೆಂಟರ ಆಯುಧಪೂಜೆ ದಿನ, ಜರಗನಹಳ್ಳಿಯ ಕಬ್ಬಿನಹಾಲಿನ ಅಂಗಡಿಯ ಶಿವಣ್ಣ ಎರಡು ನಿಂಬೆಹಣ್ಣು ಹಿಡಿದು ನನ್ನನ್ನೇ ಕೇಳಿದ. ಕಬ್ಬು ಅರೆಯುವ ರೋಲರ್‌ಗೆ ಅವನು ಜೋಡಿಸಿದ್ದ ಎಂಜಿನ್ನು ನನ್ನ ಹಳೇ ಬೈಕಿನದು. ಆ ಬೈಕು ಎರಡು ಸಲ ನನ್ನನ್ನು ಬೀಳಿಸಿದ್ದಕ್ಕೆ ಬೇಸತ್ತು ನಾನೇ ಅವನಿಗೆ ಕೊಟ್ಟುಬಿಟ್ಟಿದ್ದೆ. ಈಗ ಅದಕ್ಕೆ ಹೂವು, ಕುಂಕುಮ ಎಲ್ಲಾ ಇತ್ತು. ನಿಂಬೆಹಣ್ಣಿನ ಮೇಲೆ ಹತ್ತಿಸಲು ಚಕ್ರ ಮಾತ್ರ ಇರಲಿಲ್ಲ.

ರೋಲರೂ ತಿರುಗುತ್ತಲ್ಲಪ್ಪ ಎಂದೆ, ಸುಮ್ಮನೆ ಬಾಯಿಗೆ ಬಂದದ್ದು.

ನನ್ನ ಕಾಲಿಗೆ ಎಂದೂ ಜಗ್ಗದ ಎಂಜಿನ್ನು ಅವನ ಒಂದೇ ಕಿಕ್‌ಗೆ ಶುರುವಾಯಿತು. ಎರಡೂ ನಿಂಬೆಹಣ್ಣುಗಳನ್ನು ಅದಕ್ಕೆ ಮೂರು ಸುತ್ತು ನಿವಾಳಿಸಿ ರೋಲರ್‌ಗೆ ಹಾಕಿದ. ಪಚಕ್ ಅಂದವು. ಹಿಂದೆಯೇ ಕಬ್ಬು ತೂರಿಸಿ ಲೋಟ ತುಂಬಿಸಿದ.

"ಮೊದಲನೇದು ನಿಮಗೇ ಸಾರ್, ಎಂಜಿನ್ ನಿಮ್ದಲ್ವಾ!"

ಸಖತ್ತಾಗಿತ್ತು. ಪೂರ್ತಿ ಕುಡಿದ ಮೇಲೆ ಹೊಳೆಯಿತು, ಅದರಲ್ಲಿ ಸೇರಿದ್ದು ದೃಷ್ಟಿ ತೆಗೆದ ನಿಂಬೆಹಣ್ಣಿನ ರಸ!

ಬೈಕಿನ ದೃಷ್ಟಿ ಕಳೀತೋ, ನನ್ನ ಹೊಟ್ಟೆ ಸೇರಿತೋ ಗೊತ್ತಿಲ್ಲ. ರಸ್ತೆಯಲ್ಲಿ ಜಜ್ಜಿದ ನಿಂಬೆಹಣ್ಣು ಕಂಡರೆ ಈಗಲೂ ಪಕ್ಕಕ್ಕೆ ಸರಿದು ನಡೆಯುತ್ತೇನೆ. ಕುಡಿದೇ ಬಿಟ್ಟವನಿಗೆ ದಾಟೋಕೆ ಯಾಕೆ ಭಯವೋ, ನನಗೇ ತಿಳಿಯದು.