ದುರುಗವ್ವನ ಮಗಳ ಎಲುಬು

ದೆವ್ವ ಕಂಡೆ, ಮೈಮೇಲೆ ದೇವರು ಬಂತು ಎಂದು ಯಾರಾದರೂ ಹೇಳಿದರೆ ನಾನು ಕೇಳುತ್ತಿದ್ದುದು ಎರಡೇ ಪ್ರಶ್ನೆ: ಕಣ್ಣು ತೋರಿಸಿಕೊಂಡು ಎಷ್ಟು ದಿನ ಆಯಿತು, ರಾತ್ರಿ ನಿದ್ದೆ ಸರಿಯಾಗಿ ಬರುತ್ತದೆಯೇ? ನಮ್ಮ ಅತ್ತೆಯವರಂತೂ ಇದೇ ಕಾರಣಕ್ಕೆ ನನ್ನ ಮುಂದೆ ಇಂಥ ಮಾತು ತೆಗೆಯುವುದನ್ನೇ ಬಿಟ್ಟಿದ್ದರು. ನಾನು ರೇಡಿಯಾಲಜಿಸ್ಟ್. ಮನುಷ್ಯರ ಒಳಗನ್ನು ಚಿತ್ರದಲ್ಲಿ ನೋಡಿ, ಕಂಡದ್ದನ್ನು ಕಂಡ ಹಾಗೆ ಬರೆದುಕೊಡುವವಳು. ಕಾಣದ್ದನ್ನು ಬರೆದರೆ ನಮ್ಮ ಕಸುಬು ಕೆಟ್ಟಿತು. ಹಾಗಾಗಿ ಈಗ ಹೇಳಹೊರಟಿರುವುದು ನನಗೇ ಮುಜುಗರ ತರುವ ಸಂಗತಿ. ಬರೆಯದೆ ಇರೋಣವೆಂದು ಇಷ್ಟು ವರ್ಷ ಸುಮ್ಮನಿದ್ದೆ. ಸುಮ್ಮನಿದ್ದರೆ ಅದೂ ಸುಮ್ಮನಿರುವುದಿಲ್ಲ ಎಂದು ಗೊತ್ತಾದ ಮೇಲೆ ಬರೆಯುತ್ತಿದ್ದೇನೆ.

ಕೊಟ್ಟೂರಿನಲ್ಲಿ ನಮ್ಮದೊಂದು ಸ್ಕ್ಯಾನಿಂಗ್ ಸೆಂಟರ್ ಇದೆ. ಕೂಡ್ಲಿಗಿ, ಹಡಗಲಿ, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿ ಎಲ್ಲ ಕಡೆಯಿಂದಲೂ ಜನ ಬರುತ್ತಾರೆ. ಒಳಗೆ ಕಾಲಿಟ್ಟ ಕೂಡಲೇ ಕಾಣುವುದು ಕೆಂಪಕ್ಷರದ ಬೋರ್ಡು: ಇಲ್ಲಿ ಭ್ರೂಣದ ಲಿಂಗ ಪತ್ತೆ ಮಾಡುವುದಿಲ್ಲ, ಅದು ಶಿಕ್ಷಾರ್ಹ ಅಪರಾಧ. ಆದರೂ ಬಸುರಿಯ ಜೊತೆ ಬಂದ ಯಾರಾದರೊಬ್ಬರು ನನ್ನ ಮುಖವನ್ನೇ ನೋಡುತ್ತಾ, ಪೇಡೆ ತರಬೇಕೋ ಜಿಲೇಬಿ ತರಬೇಕೋ ಎಂದು ಮೆಲ್ಲಗೆ ಕೇಳುವುದುಂಟು. ನಾನು ಬೈದು ಕಳಿಸುತ್ತೇನೆ. ಹೀಗೆ ಗಂಡೋ ಹೆಣ್ಣೋ ಎಂದು ಬಾಯಿಬಿಡಬಾರದ ಜಾಗದಲ್ಲಿ ಕೂತವಳಿಗೆ ಒಂದು ದಿನ ಆ ಪ್ರಶ್ನೆಗೇ ಸರ್ಕಾರಿ ಉತ್ತರ ಕೊಡಬೇಕಾಗಿ ಬಂತು.

ಫೋನ್ ಮಾಡಿದವನು ನನ್ನ ಸಹಪಾಠಿ ಮಹೇಶ. ಅವನು ಮೆಡಿಕಲ್ ಕಾಲೇಜೊಂದರಲ್ಲಿ ಪೊಲೀಸ್ ಕೇಸಿನ ಶವಗಳನ್ನು ಪರೀಕ್ಷಿಸುವ ವೈದ್ಯ. ಕಾನಹೊಸಹಳ್ಳಿಯ ಆಚೆ ಕುಡಿಯುವ ನೀರಿನ ಪೈಪಿಗಾಗಿ ಜೆಸಿಬಿಯಲ್ಲಿ ಅಗೆಯುವಾಗ ಮನುಷ್ಯರ ಎಲುಬು ಸಿಕ್ಕಿದ್ದವಂತೆ. ಎರೆಮಣ್ಣು ಕಚ್ಚಿಕೊಂಡುಬಿಟ್ಟಿದೆ, ಕೀಳಲು ಹೋದರೆ ಎಲುಬೂ ಜೊತೆಗೆ ಬರುತ್ತದೆ, ಮಣ್ಣಿನ ಸಮೇತ ಸಿಟಿ ಸ್ಕ್ಯಾನ್ ಮಾಡಿ ಅಳತೆ ತೆಗೆದುಕೊಡು, ನಮ್ಮ ಮಶಿನ್ ರಿಪೇರಿಯಲ್ಲಿದೆ ಎಂದ. ತಲೆಬುರುಡೆ ಜೆಸಿಬಿಗೆ ಸಿಕ್ಕಿ ಚೂರಾಗಿತ್ತು. ಉಳಿದಿದ್ದರಲ್ಲಿ ಮುಖ್ಯವಾದದ್ದು ಸೊಂಟದ ಎಲುಬು.

ಸೊಂಟದ ಎಲುಬು ಸಿಕ್ಕರೆ ನಮ್ಮ ಕೆಲಸ ಮುಕ್ಕಾಲು ಮುಗಿದಂತೆ. ಹೆಣ್ಣು ಹೆರಬೇಕಲ್ಲ, ಹಾಗಾಗಿ ಅವಳ ಸೊಂಟದೊಳಗಿನ ದಾರಿ ಅಗಲ. ಮುಂದುಗಡೆ ಎರಡು ಎಲುಬು ಕೂಡುವ ಕಡೆ, ಕೆಳಗೆ ಒಂದು ಕಮಾನಿನಂತೆ ತೆರೆದುಕೊಳ್ಳುತ್ತದೆ. ಹೆಣ್ಣಿನಲ್ಲಿ ಆ ಕಮಾನು ಅಗಲವಾಗಿರುತ್ತದೆ, ಗಂಡಿನಲ್ಲಿ ಇಕ್ಕಟ್ಟಾಗಿರುತ್ತದೆ. ಚಿತ್ರದಲ್ಲಿ ಅದರ ಮೇಲೆ ಗೆರೆ ಎಳೆದರೆ ಕಂಪ್ಯೂಟರ್ ಕೋನ ತೋರಿಸುತ್ತದೆ. ಕೆಲವರದು ನಡುವೆ ಬರುತ್ತದೆ, ಆಗ ನಾವೂ ತಡವರಿಸುತ್ತೇವೆ. ನಾನು ಹೇಳುತ್ತಿರುವುದು ಅಂಥ ಎಲುಬಿನ ಕತೆಯಲ್ಲ.

ಸಂಜೆ ರೋಗಿಗಳೆಲ್ಲ ಹೋದ ಮೇಲೆ ಹೆಡ್ ಕಾನ್‌ಸ್ಟೆಬಲ್ ಕೊಟ್ರೇಶಿ ಸೀಲು ಹಾಕಿದ ಪೆಟ್ಟಿಗೆ ತಂದರು. ಅವರ ಹಿಂದೆಯೇ ಒಬ್ಬ ಹೆಂಗಸು ಬಂದಳು. ಐವತ್ತು ದಾಟಿದ, ಗಟ್ಟಿಮುಟ್ಟಾದ ಕೂಲಿ ಹೆಂಗಸು. ಹೆಸರು ದುರುಗವ್ವ. ಕೈಯಲ್ಲೊಂದು ಬಟ್ಟೆ ಅಂಗಡಿಯ ಚೀಲ, ಅದರಲ್ಲಿ ಮಡಿಕೆ ಬಿಚ್ಚದ ಹಸಿರು ಸೀರೆ. ಕಾಣೆಯಾದ ಮಗಳ ತಾಯಿ ಎಂದು ಕೊಟ್ರೇಶಿ ಹೇಳಿದರು. ಮಗಳು ಗೌರಿ ಎರಡು ವರ್ಷದ ಹಿಂದೆ ಹುಣ್ಣಿಮೆಗೆಂದು ಉಚ್ಚಂಗಿದುರ್ಗಕ್ಕೆ ಹೋದವಳು ತಿರುಗಿ ಬಂದಿರಲಿಲ್ಲ.

"ಹೆಣ್ಣು ಅಂತಂದ್ರ ಈಯಮ್ಮನ ರಕ್ತ ತಗದು ಡಿಎನ್‌ಎಗೆ ಕಳಸ್ತೀವ್ರಿ ಮೇಡಂ," ಎಂದರು ಕೊಟ್ರೇಶಿ. "ಗಂಡು ಅಂತಂದ್ರ ಈಯಮ್ಮಗ ಸಂಬಂಧ ಇಲ್ಲ, ಮನಿಗಿ ಹೋಗಬಹುದು. ಯಾರೂ ಬರಲಿಲ್ಲ ಅಂದ್ರ ನಾವ ಮಣ್ಣು ಮಾಡ್ತೀವಿ."

ದುರುಗವ್ವ ಬೆಂಚಿನ ತುದಿಯಲ್ಲಿ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಮಗಳದಲ್ಲ ಎಂದು ಹೇಳಿ ಕಳಿಸುವಂತಾಗಲಿ ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ. ಯಾವ ತಾಯಿಗಾದರೂ ಅದೇ ತಾನೇ ಬೇಕಾಗಿರುವುದು?

ನಮ್ಮ ಟೆಕ್ನಿಷಿಯನ್ ಹುಸೇನ್ ಪೆಟ್ಟಿಗೆಯನ್ನು ಮಶಿನ್ನಿಗೆ ಕೊಟ್ಟ. ಸ್ವಲ್ಪ ಹೊತ್ತಿಗೆ ಮಣ್ಣೆಲ್ಲ ಕಳೆದು ಬರೀ ಎಲುಬು ಪರದೆಯ ಮೇಲೆ ನಿಂತಿತು. ಎಡಗಡೆ ಅಂಚಿನಲ್ಲಿ ಒಂದು ಸೀಳು ಇತ್ತು. "ಪಾಪ, ಜೆಸಿಬಿ ಹಲ್ಲು ಬಡದೈತ್ರಿ," ಎಂದ ಹುಸೇನ್. ನಾನು ಚಿತ್ರವನ್ನು ತಿರುಗಿಸಿ ಮುಂಭಾಗಕ್ಕೆ ತಂದೆ. ಕಮಾನು ಅಗಲವಾಗಿ, ಧಾರಾಳವಾಗಿ ತೆರೆದುಕೊಂಡಿತ್ತು. ಪುಸ್ತಕದಲ್ಲಿ ಹೆಣ್ಣಿನ ಎಲುಬಿಗೆ ಉದಾಹರಣೆಯಾಗಿ ಹಾಕಬಹುದಾದಂಥ ಎಲುಬು. ಗೆರೆ ಎಳೆದೆ, ಕೋನ ನೋಡಿದೆ, ಹೆಣ್ಣಿನಲ್ಲಿ ಅಗಲವಾಗಿರುವ ಹಿಂದುಗಡೆಯ ಕಚ್ಚನ್ನೂ ಅಳೆದೆ. ಎಲ್ಲವೂ ಒಂದೇ ಮಾತು ಹೇಳಿದವು. ಹುಸೇನ್ ನನ್ನ ಹೆಗಲ ಮೇಲಿಂದ ಬಗ್ಗಿ, "ಹೆಣ್ಣ ಐತಲ್ರಿ ಮೇಡಂ, ಇದರಾಗ ನೋಡಾದೇನೈತಿ?" ಎಂದ.

ಒಂದು ವಿಷಯ ಹೇಳಿಬಿಡುತ್ತೇನೆ, ಬೇಕಾದರೆ ನಗಿ. ಆ ಎಲುಬನ್ನು ನೋಡುತ್ತಿದ್ದಾಗ ನನಗೆ ಹೆದರಿಕೆ ಆಗಲಿಲ್ಲ, ದುಃಖವೂ ಆಗಲಿಲ್ಲ. ಯಾರೋ ನನ್ನ ಮುಂದೆ ಚೆನ್ನಾಗಿ ಸೀರೆ ಉಟ್ಟುಕೊಂಡು ಬಂದು ನಿಂತು, ಹೇಗೆ ಕಾಣುತ್ತಿದ್ದೇನೆ ಎಂದು ಕೇಳುತ್ತಿರುವಂತೆ ಅನ್ನಿಸಿತು. ಎಲುಬಿನ ಚಿತ್ರ ನೋಡಿ ಹಾಗನ್ನಿಸಿದ್ದು ಅದೇ ಮೊದಲು, ಅದೇ ಕೊನೆ.

ಹೊರಗೆ ಬಂದು ಹೆಣ್ಣಿನದು ಎಂದೆ. ದುರುಗವ್ವ ಎದ್ದು ನಿಂತಳು. ಅಳುತ್ತಾಳೆ, ಬೀಳುತ್ತಾಳೆ ಎಂದು ನಾನು ಎರಡು ಹೆಜ್ಜೆ ಮುಂದೆ ಹೋಗಿದ್ದೆ. ಅವಳು ಬೀಳಲಿಲ್ಲ.

"ಎಲುಬು ನೋಡಿದ್ರೂ ಹೆಣ್ಣು ಅಂತ ಕಂಡ್ತೇನ್ರಿ?" ಎಂದು ಕೇಳಿದಳು.

"ಹೌದಮ್ಮ, ಎಲುಬಿನಲ್ಲೇ ಕಾಣುತ್ತೆ."

"ಎಲುಬಿಗೂ ಗೊತ್ತೈತಿ ಹಂಗಾರ," ಎಂದಳು. ಅವಳ ಮುಖದಲ್ಲಿ ಬಂದದ್ದು ಸಂತೋಷ. ನಾನು ತಪ್ಪು ತಿಳಿದಿಲ್ಲ, ಸಂತೋಷವೇ. ಮಗಳು ಸತ್ತಿರಬಹುದೆಂಬ ಮಾತು ಕೇಳಿ ತಾಯಿಯೊಬ್ಬಳು ಹಾಗೆ ಅರಳಿದ್ದನ್ನು ನಾನು ಹಿಂದೆಂದೂ ನೋಡಿರಲಿಲ್ಲ. ಆಮೇಲೆ ಅವಳು ಅತ್ತಳು, ಬೆಂಚಿಗೆ ಹಣೆ ಕೊಟ್ಟು ಬಹಳ ಹೊತ್ತು ಅತ್ತಳು. ಮರುದಿನ ಅವಳ ರಕ್ತ ತೆಗೆದು ಕಳಿಸಿದರು.

ತಿಂಗಳುಗಳು ಕಳೆದವು. ನಾನು ಮರೆತೇಬಿಟ್ಟಿದ್ದೆ. ಒಂದು ಮಧ್ಯಾಹ್ನ ಮಹೇಶ ಫೋನ್ ಮಾಡಿ, ತಾಯಿ ರಕ್ತಕ್ಕೆ ಎಲುಬು ಸರಿಯಾಗಿ ಹೊಂದಿದೆ, ಅವಳ ಹೊಟ್ಟೆಯ ಮಗುವೇ ಎಂದ. ನಾನು ಪಾಪ ಎಂದೆ. ಅವನು, "ಆದರೆ ಗಂಡು ಕಣೇ," ಎಂದ.

ಲ್ಯಾಬಿನವರು ಎಡವಟ್ಟು ಮಾಡಿದ್ದಾರೆ ಎಂದೆ. ಅವನು ನಗಲಿಲ್ಲ. ಎರೆಮಣ್ಣು ಬಿಡಿಸಿದ ಎಲುಬು ತನ್ನ ಮೇಜಿನ ಮೇಲೇ ಇದೆ, ಕೈಯಲ್ಲಿ ಹಿಡಿದು ಅಳೆದಿದ್ದೇನೆ, ಮೊದಲ ವರ್ಷದ ಹುಡುಗರೂ ಗಂಡು ಅನ್ನುತ್ತಾರೆ, ನೀನು ಅದೇನು ನೋಡಿದೆ ಎಂದು ಕೇಳಿದ. ನನಗೆ ಸಿಟ್ಟು ಬಂತು. ಏನು ನೋಡಿದೆ ಎಂದು ಈಗಲೇ ತೋರಿಸುತ್ತೇನೆ ಎಂದು ಫೋನ್ ಇಟ್ಟು, ಹುಸೇನ್‌ನನ್ನು ಕರೆದು ಆ ಸ್ಕ್ಯಾನ್ ತೆಗೆಸಿದೆ.

ಕಮಾನು ಇಕ್ಕಟ್ಟಾಗಿತ್ತು. ಗಂಡಸಿನ ಎಲುಬು, ಸಂಶಯಕ್ಕೆ ಜಾಗವೇ ಇಲ್ಲ. ಎಡಗಡೆ ಅಂಚಿನಲ್ಲಿ ಅದೇ ಸೀಳು, ಅದೇ ಜಾಗದಲ್ಲಿ.

ಹುಸೇನ್ ಕೇಸ್ ನಂಬರನ್ನು ಮತ್ತೊಮ್ಮೆ ತಾಳೆ ನೋಡಿದ, ಅದೇ. ಬೇರೆ ಯಾರದೋ ಚಿತ್ರ ತೆರೆದು ನೋಡಿರುತ್ತೀಯ ಎಂದು ಮಹೇಶ ಆಮೇಲೆ ಸಮಾಧಾನ ಹೇಳಿದ. ಆದರೆ ಬದುಕಿರುವವರ ಚಿತ್ರದಲ್ಲಿ ಮಾಂಸ ಇರುತ್ತದೆ, ಕರುಳು ಇರುತ್ತದೆ. ನಾನು ನೋಡಿದ್ದು ಮಣ್ಣಿನಲ್ಲಿ ಮಲಗಿದ್ದ ಎಲುಬನ್ನು, ಜೆಸಿಬಿಯ ಏಟು ತಿಂದ ಎಲುಬನ್ನು. ದಣಿವಿನಿಂದ ನನ್ನ ಕಣ್ಣು ತಪ್ಪಿತು ಎಂದುಕೊಂಡರೂ ಹುಸೇನನ ಕಣ್ಣಿಗೆ ಏನಾಗಿತ್ತು? ಮಶಿನ್ ಕಂಪನಿಯವರನ್ನು ಕರೆಸಿ ನೋಡಿಸಿದೆ, ದೋಷವಿಲ್ಲ ಎಂದರು. ನನ್ನ ವರದಿಯನ್ನು ತಿದ್ದಿ ಕಳಿಸಿದೆ. ತಿದ್ದುವಾಗ ಹೆದರಿಕೆಯಾಯಿತು. ತಪ್ಪು ಮಾಡಿದೆ ಎಂಬ ಹೆದರಿಕೆ ಅದಲ್ಲ. ನಾನು ಸರಿಯಾಗಿಯೇ ನೋಡಿದ್ದೆ ಎಂಬುದು ನನ್ನನ್ನು ಹೆದರಿಸುತ್ತಿತ್ತು.

ಎಲುಬನ್ನು ದುರುಗವ್ವನಿಗೆ ಒಪ್ಪಿಸಿದ ದಿನ ಜೀಪು ನಮ್ಮ ಸೆಂಟರಿನ ಮುಂದೆ ನಿಂತಿತು. "ನಿಮ್ಮನ್ನ ನೋಡದ ಮನಿಗಿ ಹೋಗಲ್ಲ ಅಂತ ಹಟ ಹಿಡದಾಳ್ರಿ," ಎಂದು ಕೊಟ್ರೇಶಿ ಅವಳನ್ನು ಒಳಗೆ ಕಳಿಸಿ ತಾವು ಹೊರಗೇ ನಿಂತರು. ಯಾವುದೋ ವಾಹನ ಹೊಡೆದು, ಹೊಡೆದವರು ಹೆದರಿ ಅಲ್ಲೇ ಹೂತು ಹೋಗಿರಬೇಕು ಎಂದು ಪೊಲೀಸರ ಅಂದಾಜಂತೆ. ನನಗೆ ಕೇಳಬೇಕಾಗಿದ್ದುದು ಬೇರೆ. ಕೇಳುವುದು ಹೇಗೆಂದು ತಿಳಿಯದೆ ಒದ್ದಾಡುತ್ತಿದ್ದೆ. ಅವಳೇ ಹೇಳಿದಳು.

"ನಾ ಹಡದಾಗ ಗಂಡುಕೂಸು ಅಂತ ಪೇಡೆ ಹಂಚಿದ್ರು. ಮೀಸಿ ಮೂಡೋ ಹೊತ್ತಿಗೆ ನಾ ಹೆಣ್ಣು ಅನ್ನಾಕ ಹತ್ತಿದ್ಲು. ಬಡದ್ವಿ, ಕಟ್ಟಿಹಾಕಿದ್ವಿ, ಔಷಧಿ ಕುಡಿಸಿದ್ವಿ. ಆಕಿ ಬದಲಾಗಲಿಲ್ಲ, ನಾವ ಬದಲಾದ್ವಿ. ಕಡೀಕ ಉಚ್ಚಂಗೆಮ್ಮನ ಹೆಸರಲೆ ಕೊರಳಿಗೆ ಮುತ್ತು ಕಟ್ಟಿಸಿದ್ವಿ."

ಜೋಗಪ್ಪ ಎಂದು ನಾವೆಲ್ಲ ಕರೆಯುತ್ತೇವಲ್ಲ, ಸೀರೆ ಉಟ್ಟು, ದೇವಿಯ ಪಡ್ಲಿಗೆ ಬುಟ್ಟಿ ಹಿಡಿದು, ದೇವಿಯ ಹಾಡು ಹೇಳಿಕೊಂಡು ಮನೆಮನೆಗೆ ಬರುವವರು. ಗೌರಿ ಅವರಲ್ಲೊಬ್ಬಳು. ನಮ್ಮ ಮನೆಯ ಬಾಗಿಲಿಗೂ ಬಂದಿದ್ದಳೋ ಏನೋ.

"ಪೊಲೀಸರಿಗೆ ಇದನ್ನ ಮೊದಲೇ ಯಾಕೆ ಹೇಳಲಿಲ್ಲಮ್ಮ?" ಎಂದೆ.

"ಉಚ್ಚಂಗೆಮ್ಮ ತಾಯಿ ಮುಂದ ಬಿಟ್ಟ ಗಂಡು ಹೆಸರು ತಿರುಗಿ ಬಾಯಾಗ ತರಬಾರದ್ರಿ. ನಮ್ಮ ಮನ್ಯಾಗ ಯಾರೂ ತಂದಿಲ್ಲ. ಎಷ್ಟು ಮಕ್ಕಳು ಅಂತ ಕೇಳಿದ್ರು, ಒಬ್ಬಾಕಿ ಮಗಳು ಅಂದೆ. ಸುಳ್ಳು ಹೇಳಿಲ್ಲ ನಾನು."

"ಆವತ್ತು ನಾನು ಗಂಡು ಅಂದಿದ್ರೆ?"

ಅವಳು ನನ್ನನ್ನು ನೆಟ್ಟಗೆ ನೋಡಿದಳು. "ಸುಮ್ನ ಎದ್ದು ಮನಿಗಿ ಹೋಗ್ತಿದ್ದೆ. ಆಕಿನ್ನ ಗಂಡು ಮಾಡಿ ಕರಕಂಡು ಹೋಗಾಕ ನನಗ ಆಗ್ತಿದ್ದಿಲ್ಲ ಬಿಡ್ರಿ. ಬದುಕಿದ್ದಾಗ ಅಷ್ಟು ಬಡದೀನಿ. ಸತ್ತ ಮ್ಯಾಲೂ ಬಡೀಲೇನು?"

ಅವಳು ಹಾಗೆ ಎದ್ದು ಹೋಗಿದ್ದರೆ ಎಲುಬು ಯಾರಿಗೂ ಸೇರದೆ ಎಲ್ಲೋ ಮಣ್ಣಾಗುತ್ತಿತ್ತು, ಈ ತಾಯಿ ಸಾಯುವತನಕ ಬಾಗಿಲು ನೋಡುತ್ತಿದ್ದಳು. ನಾನು ಆ ಸಂಜೆ ಸರಿಯಾದ ಉತ್ತರ ಹೇಳಿದ್ದರೆ ಆಗುತ್ತಿದ್ದುದು ಅದು. ಆಮೇಲಿಂದ ಯಾರ ಸೊಂಟದ ಚಿತ್ರ ಬಂದರೂ ನಾನು ಒಮ್ಮೆ ನೋಡಿ, ಮುಚ್ಚಿ, ಮತ್ತೆ ತೆರೆದು ನೋಡುತ್ತೇನೆ. ಇದೊಂದು ಚಾಳಿಯಾಗಿಬಿಟ್ಟಿದೆ.

ಹೊರಡುವ ಮೊದಲು ದುರುಗವ್ವ ಒಂದೇ ಒಂದು ಕೇಳಿದಳು. "ಆ ಫೋಟೋ ತೋರಿಸ್ರಿ ಒಮ್ಮಿ. ಹೆಣ್ಣು ಅಂತ ಅದರಾಗ ಎಲ್ಲಿ ಕಾಣತೈತಿ, ನಾನೂ ನೋಡ್ತೀನಿ."

ಹುಸೇನ್ ನನ್ನ ಮುಖ ನೋಡಿದ. ಆಗಲ್ಲ ಎನ್ನಬಹುದಿತ್ತು, ನಿಯಮ ಇಲ್ಲ ಎನ್ನಬಹುದಿತ್ತು. ತೆಗಿ ಎಂದೆ. ಅವನು ಚಿತ್ರ ತೆರೆದು ಪಕ್ಕಕ್ಕೆ ಸರಿದು ನಿಂತ. ನಾನು ದುರುಗವ್ವನ ಭುಜ ಹಿಡಿದು ಪರದೆಯ ಹತ್ತಿರ ಕರೆತಂದೆ. ಅವಳಿಗೆ ಯಾವುದು ಅಗಲ, ಯಾವುದು ಇಕ್ಕಟ್ಟು ಎಂದು ಗೊತ್ತಿರಲಿಲ್ಲ. ಕಮಾನು ಇರುವ ಕಡೆ ಬೆರಳು ಮಾಡಿ, "ಇಲ್ಲಿ ನೋಡಮ್ಮ," ಎಂದೆ. ಅವಳು ಅಂಗೈಯನ್ನು ಸೆರಗಿಗೆ ಒರೆಸಿಕೊಂಡು, ಆ ಜಾಗದ ಮೇಲೆ ಮೆಲ್ಲಗೆ ಇಟ್ಟು, "ನಮ್ಮವ್ವಾ," ಎಂದಳು.

ಆ ಹೊತ್ತಿನಲ್ಲಿ ನಾನು ಅವಳ ಮುಖವನ್ನು ನೋಡುತ್ತಿದ್ದೆ, ಪರದೆಯನ್ನು ನೋಡಲಿಲ್ಲ. ಪರದೆ ನೋಡುತ್ತಿದ್ದವನು ಹುಸೇನ್. ಅವನು ಒಮ್ಮೆಗೇ ಹಿಂದಕ್ಕೆ ಸರಿದದ್ದೂ, ಬಾಯಿಗೆ ಕೈ ಅಡ್ಡ ಹಿಡಿದದ್ದೂ ನನಗೆ ಕಂಡಿತು. ಅವಳು ಹೋದ ಮೇಲೆ ಅವನು ಮಶಿನ್ ಆರಿಸಿ ಮನೆಗೆ ಹೋದ. ಈಗಲೂ ಅವನು ನನ್ನ ಜೊತೆಯಲ್ಲೇ ಕೆಲಸ ಮಾಡುತ್ತಾನೆ. ಆವತ್ತು ಅವನಿಗೆ ಏನು ಕಂಡಿತು ಎಂದು ಅವನು ಹೇಳಿಲ್ಲ, ನಾನು ಕೇಳಿಲ್ಲ.