ಅವರು, ಅವಳು ಮತ್ತು ಸೂಜಿ ಅಕ್ಕ

ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಅವರನ್ನು ಎಲ್ಲರೂ ಸೂಜಿ ಅಕ್ಕ ಎಂದೇ ಕರೆಯುತ್ತಿದ್ದರು. ಎಂಥ ದಪ್ಪ ತೋಳಾದರೂ ಒಂದೇ ಸಲಕ್ಕೆ ನರ ಹಿಡಿಯುವುದು ಅವರಿಗೆ ಕರಗತ. ನಾಲಿಗೆಯೂ ಅಷ್ಟೇ ಚೂಪು. "ಈಗಲೇ ಕಿರುಚ್ಕೊಂಡ್ರೆ, ಚುಚ್ಚಿದಾಗ ಏನ್ಮಾಡ್ತೀರಿ?" ಎಂದು ಗದರಿಸುತ್ತಿರುವಾಗಲೇ ರಕ್ತ ತೆಗೆದು, ಹತ್ತಿ ಒತ್ತಿ ಮುಗಿಸಿರುತ್ತಿದ್ದರು.

ರಕ್ತದ ಟ್ಯೂಬುಗಳು ಯಂತ್ರದೊಳಗೆ ಗಿರಗಿರ ತಿರುಗುವಷ್ಟು ಹೊತ್ತು ಸುಮ್ಮನೆ ಕೂರುವುದು ಅವರಿಂದಾಗದು. ಆಗ ಫೋನಿನಲ್ಲಿ ಕನ್ನಡದ ವಿಜ್ಞಾನಕೋಶ ತೆರೆಯುತ್ತಿದ್ದರು. ಯಾರು ಬೇಕಾದರೂ ಬರೆಯಬಹುದಾದ, ಒಬ್ಬರು ಬರೆದದ್ದನ್ನು ಇನ್ನೊಬ್ಬರು ತಿದ್ದಬಹುದಾದ ಅಂತರ್ಜಾಲದ ಕೋಶ ಅದು. ರಕ್ತದ ಗುಂಪುಗಳ ಪುಟವನ್ನು ಬರೆದವರು ಇವರೇ; ಅಲ್ಲೂ ಹೆಸರು ಸೂಜಿ ಅಕ್ಕ, ಪರಿಚಯದಲ್ಲಿ ಲ್ಯಾಬಿನ ಫೋನ್ ನಂಬರು.

ಒಂದು ಮಧ್ಯಾಹ್ನ ಧೂಮಕೇತುಗಳ ಪುಟ ಓದುತ್ತಿದ್ದರು. ಅದರಲ್ಲಿ ಹಿಂದಿನ ಕಾಲದ ಗಂಡಹೆಂಡಿರ ಕಥೆಯಿತ್ತು. "ಪತಿ ದೂರದರ್ಶಕವನ್ನು ರೂಪಿಸಿದರು. ಪತ್ನಿ ಆಕಾಶವನ್ನು ದಿಟ್ಟಿಸಿ ಧೂಮಕೇತುವನ್ನು ಮೊದಲು ಕಂಡಳು."

"ಅಯ್ಯೋ, ಕೊಳವೆ ಮಾಡಿದವ್ರಿಗೆ 'ರು', ಕಂಡುಹಿಡಿದವ್ರಿಗೆ 'ಳು'!" ಎಂದುಕೊಂಡ ಸೂಜಿ ಅಕ್ಕ, "ಕಂಡರು" ಎಂದು ತಿದ್ದಿದರು.

ಮರುದಿನ ನೋಡಿದರೆ ಮತ್ತೆ "ಕಂಡಳು". ಪಕ್ಕದಲ್ಲಿ ಟಿಪ್ಪಣಿ: "ಪುಟದ ಶೈಲಿಯನ್ನು ಕೆಡಿಸಬೇಡಿ." ಬರೆದವರ ಹೆಸರು ಧ್ರುವ. ಅದು ಕೋಶದಲ್ಲಿ ಇಟ್ಟುಕೊಂಡ ಹೆಸರು; ಭೌತಶಾಸ್ತ್ರ ಕಲಿಸಿ ನಿವೃತ್ತರಾದ ಮೇಷ್ಟ್ರು ಅವರು. ಸೂಜಿ ಅಕ್ಕ ಮತ್ತೆ ತಿದ್ದಿದರು. ಮೇಷ್ಟ್ರು ಮತ್ತೆ ಅಳಿಸಿದರು. ವಾರವಿಡೀ ಆ ಹೆಂಗಸು ಬೆಳಿಗ್ಗೆ ಕಂಡರು, ಸಂಜೆ ಕಂಡಳು.

ಊಟಕ್ಕೆ ಕೂತಾಗ ಮನೆಯಲ್ಲಿ ವಿಷಯ ಎತ್ತಿದರು. ಲಿಫ್ಟ್ ರಿಪೇರಿ ಮಾಡುವ ಗಂಡ ನಕ್ಕುಬಿಟ್ಟರು. "ಒಂದಕ್ಷರಕ್ಕೆ ಇಷ್ಟೊಂದು ರಾದ್ಧಾಂತಾನಾ?"

"ಒಂದೇ ಅಕ್ಷರ ಆದ್ರೆ ಬಿಟ್ಕೊಡೋಕೆ ಆ ಮೇಷ್ಟ್ರಿಗೇನು ಕಷ್ಟ?" ಎಂದರು ಅತ್ತೆ, ಸೊಸೆಯ ತಟ್ಟೆಗೆ ಇನ್ನಷ್ಟು ಬಡಿಸುತ್ತ. "ನಿಮ್ಮಪ್ಪನ್ನ ಅವರು ಇರೋವರೆಗೂ ನಾನು 'ಇವ್ರು' ಅಂದೆ ಕಣೋ. ಅವರು ನನ್ನ 'ಲೇ' ಅಂದ್ರು. ನೀನು ಬಿಡ್ಬೇಡ ಕಣೇ."

ಕೋಶದ ಚರ್ಚಾಪುಟದಲ್ಲಿ ಜಗಳ ಮುಂದುವರಿಯಿತು. ಮೇಷ್ಟ್ರ ವಾದ ತೂಕದ್ದೇ ಆಗಿತ್ತು. "ದೇವರನ್ನೂ ತಾಯಿಯನ್ನೂ ನಾವು ನೀನು ಎನ್ನುತ್ತೇವೆ. ಏಕವಚನ ಅಗೌರವವಲ್ಲ, ಅದು ಪ್ರೀತಿಯ ವಚನ."

ಆ ಮಾತು ತಲೆಯಲ್ಲಿ ಸುತ್ತುತ್ತಲೇ ಇತ್ತು. ಸೂಜಿ ಅಕ್ಕ ಇಡೀ ಬೆಳಿಗ್ಗೆ ಯಾರನ್ನೂ ಗದರಿಸದೆ ರಕ್ತ ತೆಗೆದದ್ದನ್ನು ಕಂಡು ಲ್ಯಾಬಿನವರು "ಅಕ್ಕನಿಗೆ ಹುಷಾರಿಲ್ವಾ?" ಎಂದು ಕೇಳಿದರು. ಊಟದ ಬಿಡುವಿನಲ್ಲಿ ಅವರು ಬರೆದೇ ಬಿಟ್ಟರು: "ಪ್ರೀತಿ ಹೆಂಗಸರಿಗೇ ಏಕೆ ಮೀಸಲು ಸಾರ್? ಗಂಡಸರ ಮೇಲೂ ಒಂದಿಷ್ಟು ಇರಲಿ. ಎಲ್ಲ 'ರು'ಗಳನ್ನೂ 'ನು' ಮಾಡಿಬಿಡೋಣ!"

ಕೊಂಕಿಗೆ ಬರೆದ ಮಾತು. ಆದರೆ ಕೋಶದ ಇನ್ನೊಬ್ಬ ಸದಸ್ಯ, ಉತ್ಸಾಹದ ಬುಗ್ಗೆ, ಅದನ್ನು ತೀರ್ಮಾನ ಎಂದೇ ತಿಳಿದ. ಪುಟಗಳನ್ನು ತಾನಾಗಿ ತಿದ್ದುವ ಸಣ್ಣದೊಂದು ಪ್ರೋಗ್ರಾಂ ಬರೆದು, "ರು" ಸಿಕ್ಕಲ್ಲೆಲ್ಲ "ನು" ಹಾಕು ಎಂದು ಬಿಟ್ಟುಬಿಟ್ಟ.

ಪ್ರೋಗ್ರಾಮಿಗೇನು ಗೊತ್ತು, ಗಂಡಸು ಯಾರು, ಗೆಡ್ಡೆ ಯಾವುದು? ವಿಜ್ಞಾನಿಗಳೆಲ್ಲ "ಮಾಡಿದನು, ನೋಡಿದನು" ಆದದ್ದೇನೋ ಸರಿ. ಮರದ ಬೇರು "ಬೇನು" ಆಯಿತು. ಸೂಜಿ ಅಕ್ಕನ ಪುಟದಲ್ಲಿ ರಕ್ತದ ಗುಂಪಿನ ಹೆಸರು "ಹೆಸನು" ಆಯಿತು. ಎಲ್ಲಕ್ಕಿಂತ ಹೆಚ್ಚಾಗಿ, ಕೋಶದ ಉದ್ದಗಲಕ್ಕೂ ನೀರು "ನೀನು" ಆಗಿ ಕೂತಿತು. "ನೀನು ಸೊನ್ನೆ ಡಿಗ್ರಿಯಲ್ಲಿ ಹೆಪ್ಪುಗಟ್ಟುತ್ತದೆ. ಸಸ್ಯಗಳಿಗೆ ಸಾಕಷ್ಟು ನೀನು ಬೇಕು."

ಓದಿದ ಸೂಜಿ ಅಕ್ಕನಿಗೆ ನಗು ತಡೆಯಲಾಗಲಿಲ್ಲ. ಅಷ್ಟರಲ್ಲಿ ಲ್ಯಾಬಿನ ಫೋನು ಬಡಿದುಕೊಂಡಿತು.

"ಸೂಜಿ ಅಕ್ಕ ಇದಾರಾ? ನಾನಮ್ಮ, ಧ್ರುವ. ಮೊದ್ಲು ನೀರು ಸರಿಮಾಡೋಣ. ಜಗಳ ಆಮೇಲೆ ಆಡಿದ್ರಾಯ್ತು."

ಅಷ್ಟರಲ್ಲಾಗಲೇ ಬೇರೆಯವರೂ ಪುಟಗಳನ್ನು ಮುಟ್ಟಿದ್ದರಿಂದ ಒಂದೇ ಏಟಿಗೆ ಹಿಂದಕ್ಕೆ ತರುವಂತಿರಲಿಲ್ಲ. ಒಂದೊಂದನ್ನೇ ಓದಿ ತಿದ್ದಬೇಕಿತ್ತು. ಭಾನುವಾರ ಇಬ್ಬರೂ ಗ್ರಂಥಾಲಯದ ಮೂಲೆಯ ಮೇಜಿನಲ್ಲಿ ಎದುರುಬದುರು ಕೂತರು. ಮೇಷ್ಟ್ರು ಸಣಕಲು ಆಸಾಮಿ, ಕನ್ನಡಕ ಹಣೆಯ ಮೇಲಿಟ್ಟುಕೊಂಡೇ ಅದನ್ನು ಚೀಲದಲ್ಲಿ ಹುಡುಕುತ್ತಿದ್ದರು.

ತಿದ್ದುತ್ತ ತಿದ್ದುತ್ತ ಅವರ ಕೈ ನಿಂತಿತು.

"ಏನಾಯ್ತು ಸಾರ್?"

"ಪ್ರೀತಿ ಅಂತ ಬರೆದಿದ್ದೆ ಅಲ್ವೇನಮ್ಮ? ಆ ಧೂಮಕೇತು ಹೆಂಗಸಿನ ಮೇಲೆ ನಿಜವಾಗ್ಲೂ ಪ್ರೀತಿನೇ. ಆದ್ರೆ ಇಲ್ಲಿ ನೋಡು, ಯಾರೋ ಬಣ್ಣದ ರಸಾಯನ ಮಾಡಿದವರು. ಇವರು ಯಾರು, ಏನು ಅಂತ ನಂಗೇ ನೆನಪಿಲ್ಲ. ಅವರನ್ನೂ 'ಅವಳು' ಅಂದಿದೀನಿ. ಇದು ಪ್ರೀತಿ ಅಲ್ಲ, ರೂಢಿ."

ಗೆದ್ದೆ ಎನ್ನಿಸಬೇಕಿತ್ತು. ಸೂಜಿ ಅಕ್ಕನಿಗೆ ಯಾಕೋ ಮೇಷ್ಟ್ರ ಮೇಲೆ ಅಕ್ಕರೆ ಉಕ್ಕಿತು. "ನಾನೂ ಚುಚ್ಚೋಕೆ ಅಂತಾನೇ ಬರೆದೆ ಸಾರ್. ನೆಟ್ಟಗೆ ಬರೆದಿದ್ರೆ ನೀರಾದ್ರೂ ಉಳೀತಿತ್ತು."

ಅಲ್ಲೇ ಕೂತು ಕೋಶಕ್ಕೊಂದು ನಿಯಮ ಬರೆದರು: "ವಿಜ್ಞಾನಿ ಹೆಣ್ಣಾಗಲಿ ಗಂಡಾಗಲಿ, ಬದುಕಿರಲಿ ಇಲ್ಲದಿರಲಿ, ಎಲ್ಲರಿಗೂ 'ಅವರು'." ಮೇಷ್ಟ್ರು ಪೆನ್ನು ಕೆಳಗಿಡಲಿಲ್ಲ.

"ಹಂಗಾದ್ರೆ ಸೂರ್ಯ? ಉರಿಯುತ್ತಾನೋ, ಉರಿಯುತ್ತದೋ?"

"ಉರಿಯುತ್ತದೆ. ನಕ್ಷತ್ರ ತಾನೇ?"

"ಸೂರ್ಯನ್ನ 'ಅದು' ಅನ್ನೋದಾ! ಹುಟ್ಟಿದಾಗಿಂದ 'ಸೂರ್ಯ ಬಂದ' ಅಂದಿರೋ ಬಾಯಿ ಕಣಮ್ಮ ಇದು."

"ಮನೇಲಿ ಬಂದ ಅನ್ನಿ ಸಾರ್. ಕೋಶದಲ್ಲಿ ಬರುತ್ತದೆ."

ದನಿ ಏರಿದ್ದನ್ನು ಕಂಡು ಗ್ರಂಥಪಾಲಕಿ ಎದ್ದು ಬಂದರು. ಕೊನೆಗೆ ವಿಜ್ಞಾನದ ಪುಟಗಳಲ್ಲಿ ಸೂರ್ಯ ಚಂದ್ರ ಎರಡೂ "ಅದು" ಎಂದೇ ತೀರ್ಮಾನವಾಯಿತು. ಮೇಷ್ಟ್ರು ಮುಖ ಸಣ್ಣ ಮಾಡಿಕೊಂಡೇ ಒಪ್ಪಿದರು. ಆದರೂ ಹೊರಡುವಾಗ, ಮುಂದಿನ ಭಾನುವಾರ ಶಾಖ ಎನ್ನಬೇಕೋ ಉಷ್ಣ ಎನ್ನಬೇಕೋ ತೀರ್ಮಾನಿಸೋಣ ಬಾ ಎಂದು ಕರೆದರು.

ಮನೆಗೆ ಬಂದು ಸೂಜಿ ಅಕ್ಕ ಎಲ್ಲ ಹೇಳಿದರು. ಅವರು, ಅವಳು ವಿಷಯಕ್ಕೆ ಅತ್ತೆ ಹಿಗ್ಗಿ ಹೀರೇಕಾಯಿಯಾದರು. ಸೂರ್ಯನ ಸುದ್ದಿ ಬಂದಾಗ ಮಾತ್ರ ಹುಬ್ಬು ಗಂಟಿಕ್ಕಿದರು.

"ಅವನ್ನ 'ಅದು' ಅಂದ್ಬಿಟ್ಟೆಯಾ? ಆಯ್ತು. ನಾಳೆ ಅವನು ಮುನಿಸ್ಕೊಂಡು ಬರ್ಲಿಲ್ಲ ಅಂದ್ರೆ, ಮಹಡಿ ಮೇಲೆ ಹಾಕಿರೋ ಬಟ್ಟೆ ಒಣಗಿಸೋ ಜವಾಬ್ದಾರಿ ನಿಂದೇ."