ಊರಿಲ್ಲದ ಹುಳು

ಉಗರಗೋಳದ ಚಹಾ ಅಂಗಡಿಯಲ್ಲಿ ಹುಳುಗಳ ಸಂಶೋಧನೆ ಮಾಡುವ ನಮ್ಮ ಮೇಡಂ, ನಾನು ಹಿಡಿದು ತಂದ ಸೀಸೆಯೊಳಗಿನ ಹುಳುವನ್ನು ಭೂತಗನ್ನಡಿಯಲ್ಲಿ ನೋಡುತ್ತಾ ಚಹಾ ಮರೆತರು. ಮುಂಗಾಲಿನಿಂದ ರೇಷ್ಮೆ ನೇಯ್ದು ತೊಗಟೆಯಡಿ ಬದುಕುವ ಹುಳುಗಳಲ್ಲಿ ಇದು ಹೊಸ ಪ್ರಭೇದವಿರಬಹುದಂತೆ.

"ಯಾವೂರಿಂದೋ ತಮ್ಮಾ ಇದು? ಚೀಟಿ ಖಾಲಿ ಐತಲ್ಲ!"

ಸ್ಪಿರಿಟ್ಟಿನೊಳಗೆ ಹಾಕುವ ಚೀಟಿಯನ್ನು ಪೆನ್ಸಿಲ್ಲಿನಲ್ಲೇ ಬರೆಯಬೇಕು. ಮಹಾಪಂಡಿತನಾದ ನಾನು ಅಕ್ಷರ ಚೆಂದ ಕಾಣಲೆಂದು ಪೆನ್ನಿನಲ್ಲಿ ಬರೆದಿದ್ದೆ. ನಾನು ಹುಳು ಹಿಡಿದ ಕಿತ್ತೂರು, ರಾಮದುರ್ಗ, ಬೈಲಹೊಂಗಲ, ಮೂರೂ ತಾಲೂಕಿನ ಹೆಸರು ಸೀಸೆಗಳಲ್ಲಿ ಕರಗಿ ನೀಲಿ ನೀರಾಗಿದ್ದವು; ಯಾವ ಹುಳು ಎಲ್ಲಿಯದೆಂದು ತಿಳಿಯುವಂತಿರಲಿಲ್ಲ.

"ಊರ ಇಲ್ಲದ ಹುಳಕ್ಕ ಹೆಸರ ಇಡಾಕ ಬರೂದಿಲ್ಲೋ!" ಎಂದರು ಮೇಡಂ.

ಅಂಗಡಿಯ ಅಕ್ಕ ನಕ್ಕಳು. "ಇಲ್ಲೇ ನಮ್ಮ ಸಿರಸಂಗಿ ಊರ ಅಂತ ಬರಕೊಳ್ರಿ. ಹುಳಾ ಏನ್ ತಕರಾರ ಮಾಡತೈತೇನ್ರಿ?"

ಸಿರಸಂಗಿ ಎಂಬ ಆ ಸುಳ್ಳು ನನ್ನ ನಾಲಿಗೆ ತುದಿಗೂ ಬಂದಿತ್ತು. ಮೇಡಂ ಪೆನ್ಸಿಲ್ ಹಿಡಿದು, ನಾನು ಹೇಳುವುದನ್ನು ನಂಬಲು ಸಿದ್ಧರಾಗಿ ಕುಳಿತಿದ್ದರು.

"ಗೊತ್ತಿಲ್ಲರಿ."

ಅವರು ಬೈಯಲಿಲ್ಲ. 'ಸ್ಥಳ ಗೊತ್ತಿಲ್ಲ' ಎಂದು ಕರಗದ ಪೆನ್ಸಿಲ್ಲಿನಲ್ಲಿ ಬರೆದು, ಕೆಳಗೆ ಹಿಡಿದವನ ಹೆಸರು ಸೇರಿಸಿದರು: ನನ್ನದು, ಅಪ್ಪನದು, ಮನೆತನದ ಅಡ್ಡಹೆಸರೂ ಸಮೇತ.